ಕೋಡುಬಳೆ ಸೇನೆಯೊಂದಿಗೆ ಪಿಕರಿಂಗ್‌ಗೆ

ನವೆಂಬರ್ ತಿಂಗಳ ಒಂದು ಶನಿವಾರ, ಬೆಳಗ್ಗೆ ಒಂಬತ್ತೂಕಾಲಿಗೆ, ಸರಿಯಾಗಿ ರಾಹುಕಾಲದಲ್ಲಿ ನಾವು ಮೂವರು ಕೆನಡಾದ ಎರಿನ್ ಮಿಲ್ಸ್‌ನಿಂದ ಪಿಕರಿಂಗ್‌ಗೆ ಹೊರಟೆವು. ಇಸವಿ ಎರಡು ಸಾವಿರದ ಎರಡು. ಮೂವರೆಂದರೆ ದೊಡ್ಡಮ್ಮ, ಅವರ ಸೊಸೆ ಸುಮಾ ಅತ್ತಿಗೆ, ಮತ್ತೆ ಸಾಮಾನು ಹೊರಲು ನಾನು. ದೊಡ್ಡಮ್ಮನ ಮಗ ರಘು ಅಣ್ಣ ಶನಿವಾರದ ಶಿಫ್ಟಿಗೆಂದು ಕಾರು ತೆಗೆದುಕೊಂಡು ಹೋಗಿದ್ದ. ನಾನು ಅವನ ಮನೆಯ ಬೇಸ್‌ಮೆಂಟಿನಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಬಾಡಿಗೆಯ ಬದಲು ಬಾಗಿಲ ಮುಂದಿನ ಹಿಮ ಎತ್ತಿ ಹಾಕುವುದು, ಊಟದ ಹೊತ್ತಿನಲ್ಲಿ ಊರವರನ್ನೆಲ್ಲ ಅಣಕಿಸಿ ತೋರಿಸುವುದು ನನ್ನ ಕೆಲಸ. ಹಿಮ ಎತ್ತುವುದರಲ್ಲಿ ನಾನು ಅಷ್ಟೇನೂ ಹೆಸರು ಮಾಡಲಿಲ್ಲ.

ಪ್ರಯಾಣ ಅತ್ತಿಗೆಯದು. ಅವರು ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿದವರು. ಚೀನಾದ ಟಾಂಗ್ ವಂಶದ ಕಾಲವೆಂದರೆ ಅವರಿಗೆ ಇನ್ನೊಂದು ತವರುಮನೆ. ಕೆನಡಾಕ್ಕೆ ಬಂದ ಮೇಲೆ ಆ ತವರಿನಿಂದ ಯಾರೂ ಕರೆಯಲು ಬಂದಿರಲಿಲ್ಲ. ಮೂರು ವರ್ಷದಿಂದ ಅವರು ಮಾಲ್‌ನ ಚಪ್ಪಲಿ ಅಂಗಡಿಯಲ್ಲಿ ಮಂಡಿಯೂರಿ ಜನರ ಕಾಲಳತೆ ತೆಗೆಯುತ್ತಿದ್ದರು. ಈಗ ಪಿಕರಿಂಗ್‌ನ ಸಮುದಾಯ ಭವನದಲ್ಲಿ ನಿವೃತ್ತರಿಗಾಗಿ ಚಳಿಗಾಲವಿಡೀ ವಾರಕ್ಕೊಂದು ಪಾಠ ನಡೆಸುವ ಯೋಚನೆಯಿತ್ತು. ಆ ಶನಿವಾರ ಪರೀಕ್ಷೆಗೆಂದು ಒಂದು ಉಪನ್ಯಾಸ. ಕೇಳಿದವರಿಗೆ ಹಿಡಿಸಿದರೆ ಅತ್ತಿಗೆ ಮತ್ತೆ ಮೇಡಂ ಆಗುತ್ತಾರೆ. ಹಿಡಿಸದಿದ್ದರೆ ಸೋಮವಾರ ಮತ್ತೆ ಬೂಟು.

ಗೇಟು ದಾಟಿದ ಕೂಡಲೇ ದೊಡ್ಡಮ್ಮ ಬಸ್‌ಸ್ಟಾಪಿನ ಕಡೆ ತಿರುಗದೆ ಪಕ್ಕದ ಹರ್ಜಿತ್ ಆಂಟಿಯ ಮನೆಯ ಕಡೆ ನಡೆದರು. ಬೆಲ್ಲು ಒತ್ತಿದರು, ಬಾಗಿಲು ತಟ್ಟಿದರು, ಕಿಟಕಿಗೆ ಹಣೆ ಒತ್ತಿ ಒಳಗೆ ನೋಡಿದರು. ಮನೆಯ ಮುಂದೆ ಕಾರಿರಲಿಲ್ಲ.

"ಬ್ರ್ಯಾಂಪ್ಟನ್ನಿಗೆ ಮದುವೆಗೆ ಹೋಗ್ತೀವಿ ಅಂದಿದ್ರು ಅವರು," ಎಂದೆ. "ಅವರ ಹತ್ರ ಏನು ಕೆಲಸ ದೊಡ್ಡಮ್ಮ?"

"ಪ್ರಸ್ಥಾನ ಇಟ್ಟಿದ್ನಲ್ಲೋ."

ರಾಹುಕಾಲದಲ್ಲಿ ಹೊರಡಲೇಬೇಕಾದಾಗ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಪ್ರಸ್ಥಾನ. ಹಿಂದಿನ ದಿನ ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಒಂದು ವಸ್ತುವನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದುಬಿಟ್ಟರೆ ಲೆಕ್ಕಕ್ಕೆ ನೀವು ಆಗಲೇ ಹೊರಟಂತೆ. ಮರುದಿನ ಹೋಗುತ್ತ ಅದನ್ನು ಎತ್ತಿಕೊಂಡರಾಯಿತು. ರಾಹುವಿಗೆ ಮೋಸ ಮಾಡುವುದು ಇಷ್ಟು ಸುಲಭ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಏನಿಟ್ಟಿದ್ರಿ ಅತ್ತೆ?" ಅತ್ತಿಗೆಯ ದನಿ ಸಣ್ಣಗಾಗಿತ್ತು.

"ನಿನ್ನ ಆ ಪ್ಲಾಸ್ಟಿಕ್ ಹಾಳೆಗಳ ಚೀಲ ಕಣಮ್ಮ. ಮುಖ್ಯವಾದ್ದನ್ನೇ ಇಡಬೇಕು. ಬರೀ ಛತ್ರಿ ಇಟ್ಟು ಬಂದರೆ ಆಗುತ್ತಾ?"

ಅದು ಪ್ರೊಜೆಕ್ಟರಿನ ಮೇಲೆ ಇಡಲು ಅತ್ತಿಗೆ ಎರಡು ವಾರ ಕೂತು ಬರೆದ ಚೀನಾದ ನಕ್ಷೆಗಳ ಚೀಲ. ಯಾವ ಪ್ರಾಂತ್ಯ ಎಲ್ಲಿ, ಯಾವ ಗಡಿಯಲ್ಲಿ ಎಷ್ಟು ಸೈನ್ಯ, ಎಲ್ಲವೂ ಬಣ್ಣಬಣ್ಣದಲ್ಲಿ ಅದರಲ್ಲಿತ್ತು. ಅತ್ತಿಗೆ ಬೀಗ ಹಾಕಿದ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗಡಿಯಾರ ನೋಡಿದರು. ರೈಲು ಗಂಟೆಗೊಂದೇ. ಇದು ತಪ್ಪಿದರೆ ಉಪನ್ಯಾಸವೂ ತಪ್ಪಿದಂತೆ.

"ನಡೀರಿ," ಎಂದರು.

"ಪ್ರಸ್ಥಾನ ಹೊರಟಾಗಿದೆ. ಇನ್ನು ಕೆಲಸ ಕೆಡಲ್ಲ," ಎಂದು ದೊಡ್ಡಮ್ಮ ಹಿಂದಿನಿಂದ ಧೈರ್ಯ ಹೇಳಿದರು.

ಬಸ್ಸಿನಲ್ಲಿ ಕ್ಲಾರ್ಕ್‌ಸನ್ ರೈಲು ನಿಲ್ದಾಣಕ್ಕೆ ಅರ್ಧ ಗಂಟೆ. ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಒಂದು ಬೀಳುತ್ತಿತ್ತು. ನನ್ನ ಬೆನ್ನಿಗೆ ಒಂದು ಚೀಲ, ಎರಡು ಕೈಗೆ ಎರಡು ಚೀಲ, ಮೂರರಲ್ಲೂ ಸ್ಟೀಲ್ ಡಬ್ಬಗಳು. ಸಭೆಗೆ ಬರುವವರಿಗೆಲ್ಲ ಹಂಚಲು ದೊಡ್ಡಮ್ಮ ಹಿಂದಿನ ದಿನ ಮಧ್ಯಾಹ್ನವಿಡೀ ಕೋಡುಬಳೆ ಕರಿದಿದ್ದರು. ನಮಗೆ ದಾರಿಗೆ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. ಬಸ್ಸು ಪ್ರತಿ ತಿರುವಿನಲ್ಲೂ ಹೊರಳಿದಾಗ ನಾನು ಪಾತ್ರೆ ಅಂಗಡಿಯಂತೆ ಸದ್ದು ಮಾಡುತ್ತಿದ್ದೆ. ಎದುರು ಕೂತಿದ್ದ ಹುಡುಗಿಯೊಬ್ಬಳು ಹೆಡ್‌ಫೋನ್ ತೆಗೆದು ಕೇಳಿ ಮತ್ತೆ ಹಾಕಿಕೊಂಡಳು. ನಾನು ಅವಳನ್ನು ನೋಡಿ ಮುಗುಳ್ನಕ್ಕೆ. ಅವಳು ಮುಂದಿನ ಸೀಟಿಗೆ ಹೋದಳು.

ಕ್ಲಾರ್ಕ್‌ಸನ್ನಿನಿಂದ ಪಿಕರಿಂಗ್‌ಗೆ ಸುಮಾರು ಅರವತ್ತು ಕಿಲೋಮೀಟರ್, ಟಿಕೆಟ್ಟು ಏಳು ಡಾಲರ್ ಚಿಲ್ಲರೆ. ದೊಡ್ಡಮ್ಮನಿಗೆ ಹಿರಿಯರ ಅರ್ಧ ಟಿಕೆಟ್ಟು. ಎರಡಂತಸ್ತಿನ ಹಸಿರು ರೈಲು. ಮೇಲಿನ ಅಂತಸ್ತಿನಲ್ಲಿ ಎದುರುಬದುರಾದ ನಾಲ್ಕು ಸೀಟು ಹಿಡಿದು ಕೂತೆವು. ಪೋರ್ಟ್ ಕ್ರೆಡಿಟ್, ಲಾಂಗ್ ಬ್ರಾಂಚ್, ಮಿಮಿಕೊ ಎಂದು ನಿಲ್ದಾಣದ ಹೆಸರು ಬಂದಾಗಲೆಲ್ಲ ನಾನು ಮೂಗು ಮುಚ್ಚಿಕೊಂಡು ಧ್ವನಿವರ್ಧಕದ ಧ್ವನಿಯಲ್ಲೇ ಕನ್ನಡದಲ್ಲಿ ಸಾರಿದೆ: "ಪ್ರಯಾಣಿಕರ ಗಮನಕ್ಕೆ. ಪ್ರಸ್ಥಾನದ ಚೀಲ ಬ್ರ್ಯಾಂಪ್ಟನ್ನಿನಲ್ಲಿ ಮದುವೆ ಊಟ ಮಾಡುತ್ತಿದೆ." ದೊಡ್ಡಮ್ಮ ನಕ್ಕರು. ಅತ್ತಿಗೆ ನಗಲಿಲ್ಲ. ಅವರ ತುಟಿ ಮಾತ್ರ ಅಲುಗುತ್ತಿತ್ತು, ಒಳಗೇ ಪಾಠ ಒಪ್ಪಿಸುತ್ತಿದ್ದಂತೆ.

ನಗರದ ನಡುವಿನ ಯೂನಿಯನ್ ನಿಲ್ದಾಣದಲ್ಲಿ ರೈಲು ಹತ್ತು ನಿಮಿಷ ನಿಂತಿತು. ಅಲ್ಲಿ ಅತ್ತಿಗೆ ಬಾಯಿ ಬಿಟ್ಟರು.

"ನಕ್ಷೆ ಇಲ್ಲದೆ ಇವರಿಗೆ ಅರ್ಥ ಮಾಡಿಸೋದು ಹೇಗೆ ಗಿರಿ? ಸೈನ್ಯ ಎಲ್ಲ ಅಂಚಿನಲ್ಲಿ, ನಡುವೆ ಏನೂ ಇಲ್ಲ. ಅದೇ ಅಲ್ವಾ ಕಥೆ. ಅದು ಕಣ್ಣಿಗೆ ಕಾಣಬೇಕು."

"ಬೋರ್ಡಲ್ಲಿ ಬರೀಬಹುದಲ್ಲ?"

"ನನ್ನ ಕೈಬರಹದ ಚೀನಾ ಆಲೂಗಡ್ಡೆ ಥರ ಇರುತ್ತೆ. ಆ ನಕ್ಷೆಗಳನ್ನ ಪುಸ್ತಕದ ಮೇಲಿಟ್ಟು ತಿದ್ದಿದ್ದು ನಾನು."

ದೊಡ್ಡಮ್ಮ ಈ ಹೊತ್ತಿಗೆ ಚಿತ್ರಾನ್ನ ಬಡಿಸಲು ಡಬ್ಬಗಳನ್ನು ಹೊರಗೆ ತೆಗೆಯುತ್ತಿದ್ದರು. ಖಾಲಿ ಸೀಟಿನ ಅಂಚಿನುದ್ದಕ್ಕೂ ದೊಡ್ಡ ದೊಡ್ಡ ಕೋಡುಬಳೆ ಡಬ್ಬಗಳು, ನಡುವೆ ಉಪ್ಪಿನಕಾಯಿಯ ಪುಟ್ಟ ಡಬ್ಬಿ. ಅತ್ತಿಗೆ ಅದನ್ನೇ ನೋಡುತ್ತ ಕೂತರು. ರೈಲು ಹೊರಟಿತು. ಡ್ಯಾನ್‌ಫೋರ್ತ್ ದಾಟಿತು. ಆಮೇಲೆ ಅವರು ಕೈ ಚಾಚಿ ಉಪ್ಪಿನಕಾಯಿ ಡಬ್ಬಿಯನ್ನು ಸ್ವಲ್ಪ ಎಡಕ್ಕೆ ಸರಿಸಿದರು.

"ಚಾಂಗಾನ್," ಎಂದರು. "ರಾಜಧಾನಿ."

"ಅದು ನಿಂಬೆಕಾಯಿ," ಎಂದರು ದೊಡ್ಡಮ್ಮ.

"ಅತ್ತೆ, ನಿಮ್ಮ ಕೋಡುಬಳೆ ನನಗೆ ಒಂದು ಗಂಟೆ ಬೇಕು. ಅವು ಸೈನಿಕರು."

"ಯಾರ ಸೈನಿಕರು? ಯಾರಾದರೂ ಮುಟ್ಟಿಬಿಟ್ಟರೆ ಆಮೇಲೆ ಹಂಚೋಕೆ ಆಗುತ್ತೇನಮ್ಮ? ಡಬ್ಬ ಬೇಕಾದರೆ ಇಟ್ಟುಕೋ. ಮುಚ್ಚಳ ತೆಗೆಯೋದು ನಾನೇ."

ಗಿಲ್ಡ್‌ವುಡ್ ದಾಟಿದ ಮೇಲೆ ರೈಲು ಸರೋವರದ ದಂಡೆಗೇ ಇಳಿಯಿತು. ಬಲಕ್ಕೆ ಕಿಟಕಿಯ ತುಂಬ ಒಂಟಾರಿಯೊ, ಬೂದು ಬಣ್ಣದ ನೀರು, ಆಚೆ ದಡವಿಲ್ಲ. ಬೇರೆ ದಿನವಾಗಿದ್ದರೆ ಮೂವರೂ ಅದನ್ನು ನೋಡುತ್ತಿದ್ದೆವು. ಆವತ್ತು ನೋಡಿದವಳು ಪಕ್ಕದ ಸಾಲಿನ ಒಬ್ಬ ಅಜ್ಜಿ ಮಾತ್ರ. ಅವಳೂ ಆಗಾಗ ತಿರುಗಿ ನಮ್ಮ ಡಬ್ಬಗಳನ್ನು ನೋಡುತ್ತಿದ್ದಳು. ಅತ್ತಿಗೆ ನನಗೆ ಪಾತ್ರ ಹೇಳಿಕೊಡುತ್ತಿದ್ದರು. ನಾನು ಗಡಿಯ ದಪ್ಪ ಸೇನಾಧಿಪತಿ. ಹೊಟ್ಟೆ ಮೊಣಕಾಲಿಗೆ ಇಳಿಯುತ್ತಿತ್ತಂತೆ, ಆದರೂ ಚಕ್ರವರ್ತಿಯ ಮುಂದೆ ಸುಂಟರಗಾಳಿಯ ಹಾಗೆ ತಿರುಗಿ ಕುಣಿಯುತ್ತಿದ್ದನಂತೆ.

"ಎರಡು ನಿಮಿಷ ಅಷ್ಟೇ ಗಿರಿ," ಎಂದರು ಅತ್ತಿಗೆ. "ನಾನು ಕೈ ಎತ್ತಿದ ತಕ್ಷಣ ಕೂತ್ಕೋಬೇಕು."

"ನನ್ನ ಮೇಲೆ ನಂಬಿಕೆ ಇಲ್ವಾ ಅತ್ತಿಗೆ?"

"ಚಕ್ರವರ್ತಿಗೂ ಅವನ ಮೇಲೆ ತುಂಬ ನಂಬಿಕೆ ಇತ್ತು."

ಪಿಕರಿಂಗ್ ನಿಲ್ದಾಣದಲ್ಲಿ ಜಯಕರಣ್ಣ ವ್ಯಾನು ನಿಲ್ಲಿಸಿಕೊಂಡು ಕಾದಿದ್ದರು. ಉಡುಪಿ ಕಡೆಯವರು, ಮನೆಯಲ್ಲಿ ತುಳು, ಅಲ್ಲಿನ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ. ರಘು ಅಣ್ಣನ ಸ್ನೇಹಿತರು. ಈ ಉಪನ್ಯಾಸದ ಏರ್ಪಾಟು ಪೂರ್ತಿ ಅವರದೇ.

"ಎಂತ ಮಾರಾಯ, ನೀನು ಪಾತ್ರೆ ವ್ಯಾಪಾರಕ್ಕೆ ಬಂದದ್ದಾ?" ಎಂದು ನನ್ನ ಬೆನ್ನಿನ ಚೀಲ ಇಳಿಸಿಕೊಂಡರು. ದೊಡ್ಡಮ್ಮನಿಗೆ ಕೈಮುಗಿದರು. "ಬನ್ನಿ ಅಮ್ಮ. ಚಳಿ ಉಂಟು, ಜಾಗ್ರತೆ. ಮೇಡಂ, ನೀವೆಂತ ಹೆದರ್ಬೇಡಿ. ಕುರ್ಚಿ ಹಾಕಿಸಿದ್ದೇನೆ, ಕಾಫಿ ಇಟ್ಟಿದ್ದೇನೆ, ಪ್ರೊಜೆಕ್ಟರ್ ತರಿಸಿದ್ದೇನೆ."

"ಪ್ರೊಜೆಕ್ಟರ್ ಬೇಡ ಜಯಕರಣ್ಣ. ಒಂದು ದೊಡ್ಡ ಟೇಬಲ್ ಸಿಗುತ್ತಾ?"

ಜಯಕರಣ್ಣ ಒಂದು ಕ್ಷಣ ಡಬ್ಬ ನೋಡಿದರು, ಒಂದು ಕ್ಷಣ ಮೇಡಮ್ಮನ್ನು ನೋಡಿದರು. "ಸಿಗ್ತದೆ. ಯಾರದ್ದು ಅಂತ ಕೇಳ್ಬೇಡಿ," ಎಂದರು. ಐದು ನಿಮಿಷದ ದಾರಿಯಲ್ಲಿ ನಾನು ಹಿಂದಿನ ಸೀಟಿನಿಂದ ಅವರದೇ ಧಾಟಿಯಲ್ಲಿ "ಎಂತ ಹೆದರ್ಬೇಡಿ, ಚೀನಾ ತರಿಸಿದ್ದೇನೆ" ಎಂದೆ. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ, "ಇವನನ್ನು ಸ್ಥಾವರದ ಒಳಗೆ ಒಂದು ದಿನ ಬಿಡ್ಬೇಕು," ಎಂದರು.

ಸಭೆಯಲ್ಲಿ ಮೂವತ್ತು ಮಂದಿ ಇದ್ದಿರಬಹುದು. ಬಿಳಿ ಕೂದಲು, ದಪ್ಪ ಸ್ವೆಟರು. ಹೆಚ್ಚಿನವರು ಒಂದು ಕಾಲಕ್ಕೆ ಎಂಜಿನಿಯರೋ ಮೇಷ್ಟ್ರೋ ಆಗಿದ್ದವರು, ಇಬ್ಬರು ಚೀನೀ ಮೂಲದ ದಂಪತಿ, ಮೂರನೇ ಸಾಲಿನಲ್ಲಿ ಕೈ ಕಟ್ಟಿ ಕೂತ ಒಬ್ಬ ಎತ್ತರದ ಮುದುಕ. ಭವನದ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಿದ್ದ ಮಾರ್ಗರೆಟ್ ಎಂಬುವವರು ಬಾಗಿಲ ಹತ್ತಿರ ನಿಂತಿದ್ದರು. ತೀರ್ಪು ಹೇಳಬೇಕಾದವರು ಅವರೇ. ಅತ್ತಿಗೆ ರೇಷ್ಮೆ ಸೀರೆಯ ಮೇಲೆ ಚಳಿಗಾಲದ ಬೂಟು ಹಾಕಿಕೊಂಡು ಟೇಬಲ್ಲಿನ ಹಿಂದೆ ನಿಂತರು. ಮೊದಲ ಎರಡು ವಾಕ್ಯ ನಡುಗಿದವು.

ಮೂರನೆಯ ವಾಕ್ಯಕ್ಕೆ ಅವರು ಉಪ್ಪಿನಕಾಯಿ ಡಬ್ಬಿಯನ್ನು ಟೇಬಲ್ಲಿನ ನಡುವೆ ಇಟ್ಟರು. ಇದು ರಾಜಧಾನಿ, ಇಲ್ಲಿ ಚಕ್ರವರ್ತಿ, ಕವಿಗಳು, ಸಂಗೀತ. ಆಮೇಲೆ ಕೋಡುಬಳೆ ಡಬ್ಬಗಳನ್ನು ಒಂದೊಂದಾಗಿ ಅಂಚಿನುದ್ದಕ್ಕೂ ಜೋಡಿಸಿದರು. ಇವು ಗಡಿಯ ಸೈನ್ಯಗಳು, ಇಲ್ಲಿ ಯುದ್ಧವಿರುತ್ತದೆ, ಆದ್ದರಿಂದ ಸಿಪಾಯಿಗಳೂ ಇಲ್ಲೇ. ಒಬ್ಬೊಬ್ಬ ಸೇನಾಧಿಪತಿಗೂ ಮೊದಲು ಸೈನ್ಯ ಕೊಟ್ಟರು. ಸೈನ್ಯಕ್ಕೆ ಊಟ ಬೇಕಲ್ಲ, ತೆರಿಗೆ ಎತ್ತುವ ಅಧಿಕಾರವನ್ನೂ ಕೊಟ್ಟರು. ತೆರಿಗೆ ಎತ್ತಲು ಆಳುಗಳು ಬೇಕಲ್ಲ, ಅಧಿಕಾರಿಗಳನ್ನು ನೇಮಿಸುವ ಹಕ್ಕನ್ನೂ ಕೊಟ್ಟರು.

"ಈಗ ರಾಜಧಾನಿಗೆ ಸ್ವಲ್ಪ ಸೈನಿಕರು ಬೇಕು ಅಂದುಕೊಳ್ಳಿ," ಎಂದು ಇಂಗ್ಲಿಷಿನಲ್ಲಿ ಹೇಳಿ, ದೊಡ್ಡಮ್ಮನ ಕಡೆ ತಿರುಗಿ ಕನ್ನಡದಲ್ಲಿ, "ಅತ್ತೆ, ಆ ಡಬ್ಬದಿಂದ ಹತ್ತು ಕೊಡಿ," ಎಂದರು.

ದೊಡ್ಡಮ್ಮ ಡಬ್ಬದ ಮೇಲೆ ಎರಡೂ ಕೈ ಇಟ್ಟುಕೊಂಡರು. "ಈಗಲ್ಲ. ಮುಗಿದ ಮೇಲೆ."

ಭಾಷೆ ಯಾರಿಗೂ ತಿಳಿಯಲಿಲ್ಲ, ಕೈ ಎಲ್ಲರಿಗೂ ತಿಳಿಯಿತು. ಚೀನೀ ದಂಪತಿಯಲ್ಲಿ ಹೆಂಡತಿ ಮೊದಲು ನಕ್ಕರು. ಆಮೇಲೆ ಇಡೀ ಸಾಲು. "ಗಡಿ ಪ್ರಾಂತ್ಯದ ಉತ್ತರ ಯಾವಾಗಲೂ ಹೀಗೇ ಬರುತ್ತಿತ್ತು," ಎಂದರು ಅತ್ತಿಗೆ. ದನಿಯ ನಡುಕ ಹೋಗಿತ್ತು.

ಆಗ ನನ್ನ ಸರದಿ. ಜಯಕರಣ್ಣನ ಜಾಕೆಟ್ಟನ್ನು ಸ್ವೆಟರಿನೊಳಗೆ ತುರುಕಿಕೊಂಡು ಹೊಟ್ಟೆ ಮಾಡಿಕೊಂಡು ಬಂದೆ. ಈ ಹೊಟ್ಟೆಯಲ್ಲಿ ಏನಿದೆ ಎಂದು ಚಕ್ರವರ್ತಿ ಕೇಳಿದರೆ, ಬರೀ ಸ್ವಾಮಿನಿಷ್ಠೆ ಎಂದನಂತೆ ಆ ಸೇನಾಧಿಪತಿ. ನಾನು ಅದನ್ನೇ ಹೇಳಿ ಗಿರಗಿರ ತಿರುಗಿ ಕುಣಿದೆ. ಜನ ಚಪ್ಪಾಳೆ ತಟ್ಟಿದರು. ಅತ್ತಿಗೆ ಕೈ ಎತ್ತಿದರು. ನಾನು ಇನ್ನೊಂದು ಸುತ್ತು ತಿರುಗಿದೆ. ಚಕ್ರವರ್ತಿಯನ್ನೂ ಮಾಡಿದೆ, ಓಡಿಹೋಗುವ ಮಂತ್ರಿಯನ್ನೂ ಮಾಡಿದೆ, ಯಾರೂ ಕೇಳದಿದ್ದರೂ ಒಂದು ಕುದುರೆಯನ್ನೂ ಮಾಡಿದೆ. ಅತ್ತಿಗೆಯ ಕೈ ಗಾಳಿಯಲ್ಲೇ ಇತ್ತು. ದಂಗೆಯೆದ್ದು ದೊಡ್ಡ ಡಬ್ಬವನ್ನು ತಳ್ಳಿಕೊಂಡು ರಾಜಧಾನಿಯ ಮೇಲೆ ಬಿದ್ದಾಗ ಉಪ್ಪಿನಕಾಯಿ ಡಬ್ಬಿ ಟೇಬಲ್ಲಿನಿಂದ ಕೆಳಗೆ ಉರುಳಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲ ಹತ್ತಿರ ಮಾರ್ಗರೆಟ್ ನಗುತ್ತಿದ್ದುದು ನನ್ನನ್ನು ನೋಡಿ. ಮೇಡಮ್ಮನ್ನು ಯಾರೂ ನೋಡುತ್ತಿರಲಿಲ್ಲ.

ಮೂರನೇ ಸಾಲಿನ ಎತ್ತರದ ಮುದುಕ ಮಾತ್ರ ನಕ್ಕಿರಲಿಲ್ಲ. ಅವರು ಕಟ್ಟಿದ್ದ ಕೈ ಬಿಚ್ಚಿ, "ಒಂದು ಅರ್ಥವಾಗಲಿಲ್ಲ," ಎಂದರು. "ಆ ದಂಗೆ ಕೊನೆಗೆ ಅಡಗಿತು ಅಂತ ಓದಿದ್ದೇನೆ. ಸೋತ ಮೇಲೂ ಆ ಸೇನಾಧಿಪತಿಗಳು ಅಲ್ಲೇ ಹೇಗೆ ಉಳಿದರು? ಕೇಂದ್ರ ಅವರಿಗೆ ಹಣ ನಿಲ್ಲಿಸಬಹುದಿತ್ತಲ್ಲ?"

ಪ್ರಶ್ನೆ ನನ್ನ ಕಡೆ ಬಂತು. ನಗಿಸುತ್ತಿದ್ದವನು ನಾನೇ ತಾನೆ. ನಾನು ಹೊಟ್ಟೆ ಹಿಡಿದುಕೊಂಡು ಬಾಯಿ ತೆರೆದೆ. ಒಳಗೆ ಜಯಕರಣ್ಣನ ಜಾಕೆಟ್ಟು ಬಿಟ್ಟರೆ ಏನೂ ಇರಲಿಲ್ಲ.

"ಕೂತ್ಕೋ ಗಿರಿ," ಎಂದರು ಅತ್ತಿಗೆ ಮೆಲ್ಲಗೆ. ಕೂತೆ.

ಅವರು ನೆಲದಿಂದ ಉಪ್ಪಿನಕಾಯಿ ಡಬ್ಬಿಯನ್ನು ಎತ್ತಿ, ಸೆರಗಿನಿಂದ ಒರೆಸಿ, ಮತ್ತೆ ನಡುವೆ ಇಟ್ಟರು. ಹಣ ಕೇಂದ್ರದಿಂದ ಹೋಗುತ್ತಲೇ ಇರಲಿಲ್ಲ ಎಂದರು. ಅಲ್ಲೇ ಎತ್ತಿ ಅಲ್ಲೇ ಖರ್ಚು ಮಾಡುತ್ತಿದ್ದರು, ನಿಲ್ಲಿಸಲು ಏನಿತ್ತು? ಶರಣಾದ ದಂಗೆಕೋರರನ್ನು ಕೊಲ್ಲಲು ಶಕ್ತಿಯಿಲ್ಲದೆ ಅವರಿಗೇ ಈಶಾನ್ಯದ ಪ್ರಾಂತ್ಯಗಳನ್ನು ಬಿಟ್ಟುಕೊಟ್ಟು ಯುದ್ಧ ಮುಗಿಯಿತು ಎಂದು ಸಾರಿದರು. ಆಮೇಲೆ ಚಕ್ರವರ್ತಿ ಬದುಕಿದ್ದು ದಕ್ಷಿಣದ ಅಕ್ಕಿ ಮತ್ತು ಉಪ್ಪಿನ ವರಮಾನದಿಂದ. ಈಶಾನ್ಯದಲ್ಲಿ ಸೇನಾಧಿಪತಿ ಸತ್ತರೆ ಅವನ ಮಗ ಗದ್ದುಗೆ ಹತ್ತುತ್ತಿದ್ದ, ಇಲ್ಲವೇ ಸಿಪಾಯಿಗಳು ತಮಗೆ ಬೇಕಾದವನನ್ನು ಹತ್ತಿಸುತ್ತಿದ್ದರು. ಎಲ್ಲ ಆದ ಮೇಲೆ ಅರಮನೆಯಿಂದ ಬಾವುಟ ಬರುತ್ತಿತ್ತು: ನಿಮ್ಮನ್ನು ನೇಮಿಸಿದ್ದೇವೆ ಎಂದು. ಒಮ್ಮೊಮ್ಮೆ ಗಟ್ಟಿ ಚಕ್ರವರ್ತಿ ಬಂದು ಹಿಡಿದು ಬಗ್ಗಿಸುತ್ತಿದ್ದ. ಅವನು ಹೋದರೆ ಮತ್ತೆ ಅದೇ.

ಇದನ್ನು ಅವರು ಯಾವ ಹಾಳೆಯನ್ನೂ ನೋಡದೆ, ಬೆರಳಿನಿಂದ ಡಬ್ಬಗಳನ್ನು ಸರಿಸುತ್ತ ಹೇಳಿದರು. ಮುದುಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಚೀನೀ ಗಂಡ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು, ಆಕೆ ತಲೆಯಾಡಿಸಿದರು. ನಾನು ಎರಡು ವರ್ಷದಿಂದ ಒಂದೇ ಮನೆಯಲ್ಲಿದ್ದು ಈ ಅತ್ತಿಗೆಯನ್ನು ನೋಡಿರಲಿಲ್ಲ. ನನಗೆ ಗೊತ್ತಿದ್ದ ಅತ್ತಿಗೆಯನ್ನು ನಾನು ಊಟದ ಹೊತ್ತಿನಲ್ಲಿ ಚೆನ್ನಾಗಿ ಅಣಕಿಸುತ್ತಿದ್ದೆ. ಇವರನ್ನು ಅಣಕಿಸುವುದು ಹೇಗೆಂದು ತಿಳಿಯಲಿಲ್ಲ.

"ಹಾಗಾದರೆ ಕೊನೆಗೆ ಇದನ್ನು ಯಾರು ನಿಲ್ಲಿಸಿದರು?" ಎಂದರು ಮುದುಕ.

"ಎಷ್ಟೋ ಕಾಲದ ಮೇಲೆ ಬಂದ ಇನ್ನೊಂದು ವಂಶದ ಮೊದಲ ದೊರೆ. ಕತ್ತಿ ಎತ್ತಲಿಲ್ಲ. ಊಟಕ್ಕೆ ಕರೆದ," ಎಂದು ಅತ್ತಿಗೆ ಗೋಡೆಯ ಗಡಿಯಾರ ನೋಡಿದರು. "ಆದರೆ ನನಗೆ ಕೊಟ್ಟ ಸಮಯ ಮುಗಿಯಿತು."

ಮುದುಕ ಮಾರ್ಗರೆಟ್ ಕಡೆ ತಿರುಗಿದರು. ಇಡೀ ಸಭೆಯೇ ತಿರುಗಿತು. ದೊಡ್ಡಮ್ಮ ಆಗ ಎದ್ದು ಗಂಭೀರವಾಗಿ ಎಲ್ಲ ಡಬ್ಬಗಳ ಮುಚ್ಚಳ ತೆಗೆದರು. ಹತ್ತು ನಿಮಿಷದಲ್ಲಿ ಟಾಂಗ್ ಸೈನ್ಯದಲ್ಲಿ ಒಬ್ಬನೂ ಉಳಿಯಲಿಲ್ಲ.

ಕೋಡುಬಳೆ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಮಾರ್ಗರೆಟ್ ನಮ್ಮ ಹತ್ತಿರ ಬಂದರು. ಜನವರಿಯಿಂದ ಶನಿವಾರದ ಪಾಠ ಶುರುಮಾಡೋಣ ಎಂದರು. ಇಂಥದ್ದಕ್ಕೆ ಮೇಲಿನ ಕಚೇರಿಯ ಒಪ್ಪಿಗೆ ಬೇಕಾಗುತ್ತದೆ ಎಂದು ಜಯಕರಣ್ಣ ನೆನಪಿಸಿದರು.

"ಒಪ್ಪಿಗೆ ಆಮೇಲೆ ಬರುತ್ತದೆ," ಎಂದರು ಮಾರ್ಗರೆಟ್. "ನಾವು ಶುರುಮಾಡಿದ ಮೇಲೆ ಅವರು ಕಳಿಸುತ್ತಾರೆ. ಯಾವಾಗಲೂ ಹಾಗೇ."

ಅತ್ತಿಗೆ ಜೋರಾಗಿ ನಕ್ಕರು. ಆವತ್ತು ಬೆಳಗ್ಗಿನಿಂದ ಅದೇ ಮೊದಲು. ತಮ್ಮ ಮಾತಿನಲ್ಲಿ ನಗುವಂಥದ್ದು ಏನಿತ್ತೆಂದು ಮಾರ್ಗರೆಟ್‌ಗೆ ತಿಳಿಯಲಿಲ್ಲ. "ಈ ಹುಡುಗನೂ ಪ್ರತಿ ವಾರ ಬರುತ್ತಾನಲ್ಲ?" ಎಂದು ನನ್ನ ಹೊಟ್ಟೆ ತಟ್ಟಿದರು. ನಾನು ಸೊಂಟ ಬಗ್ಗಿಸಿ ವಂದಿಸಿದೆ. ಅತ್ತಿಗೆ ಖಾಲಿ ಡಬ್ಬಗಳಿಗೆ ಮುಚ್ಚಳ ಹಾಕತೊಡಗಿದರು.

ನಾಲ್ಕೂವರೆಯ ರೈಲಿಗೆ ಜಯಕರಣ್ಣ ಬಿಟ್ಟುಹೋದರು. ಹೋಗುವಾಗ ಜಾಕೆಟ್ಟು ಕೇಳಿ ವಾಪಸು ಪಡೆದರು. ಡಬ್ಬಗಳು ಖಾಲಿಯಾಗಿ ಸದ್ದು ಇನ್ನೂ ಹೆಚ್ಚಾಗಿತ್ತು. ಹೊರಗೆ ಬೀಳುತ್ತಿದ್ದುದು ನಿಂತಿತ್ತು, ರೂಜ್ ಹಿಲ್ ಹತ್ತಿರ ಸರೋವರದ ಮೇಲೆ ಸ್ವಲ್ಪ ಬೆಳಕು ಉಳಿದಿತ್ತು, ಮೂವರೂ ಅದನ್ನು ನೋಡಿದೆವು. ದೊಡ್ಡಮ್ಮ ಕಿಟಕಿಗೆ ಒರಗಿ ಕಣ್ಣು ಮುಚ್ಚಿದರು. "ನೋಡಿದ್ಯಾ, ಪ್ರಸ್ಥಾನ," ಎಂದು ನಿದ್ದೆಗೆ ಮೊದಲು ಒಂದು ಮಾತು ಹೇಳಿದರು.

ಯೂನಿಯನ್ ಬಂದಾಗ ಅತ್ತಿಗೆ ಎದ್ದು, "ಇಲ್ಲಿ ಇಳಿಯೋಣ, ಮುಂದಿನ ರೈಲಿಗೆ ಹೋದರಾಯಿತು," ಎಂದರು. ಎಂದೂ ಹೊರಗೆ ಒಂದು ಕಾಫಿಯನ್ನೂ ಕೊಳ್ಳದ ಅತ್ತಿಗೆ ನಿಲ್ದಾಣದ ಅಂಗಡಿಯಲ್ಲಿ ನನಗೆ ದೊಡ್ಡ ಲೋಟ ಕಾಫಿ, ಚಾಕೊಲೇಟ್ ಬಳಿದ ಎರಡು ಡೋನಟ್ ತೆಗೆಸಿಕೊಟ್ಟರು. ದೊಡ್ಡಮ್ಮ ಬೆಂಚಿನ ಮೇಲೆ ಸ್ವೆಟರು ಹೊದ್ದು ಕೂತರು. ನಾನು ಒಂದು ಡೋನಟ್ ಮುಗಿಸಿ ಕೇಳಿದೆ.

"ಆ ದೊರೆ ಊಟಕ್ಕೆ ಕರೆದು ಏನು ಮಾಡಿದ ಅತ್ತಿಗೆ? ವಿಷ ಹಾಕಿದ್ನಾ?"

"ಇಲ್ಲಪ್ಪ. ಸುಂಗ್ ವಂಶದವನು, ಒಳ್ಳೆಯ ಮನುಷ್ಯ. ತಾನೂ ಸೇನಾಧಿಪತಿಯಾಗಿದ್ದವನೇ, ಸಿಪಾಯಿಗಳೇ ಗದ್ದುಗೆ ಹತ್ತಿಸಿದ್ದು. ಅದಕ್ಕೇ ಹೆದರಿಕೆ. ಹಳೇ ಸ್ನೇಹಿತರನ್ನೆಲ್ಲ ಕೂರಿಸಿ, ಚೆನ್ನಾಗಿ ಕುಡಿಸಿ, ನಿಮ್ಮಿಂದಲೇ ನಾನು ದೊರೆಯಾದೆ, ಆದರೆ ರಾತ್ರಿ ನಿದ್ದೆ ಬರಲ್ಲ ಅಂದ. ಯಾಕೆ ಅಂದರು. ನಿಮಗೆ ಆಸೆ ಇಲ್ಲದಿದ್ದರೂ ಜನ ನಾಳೆ ನಿಮ್ಮನ್ನ ಎತ್ತಿ ಕೂರಿಸಿದರೆ ನೀವೇನು ಮಾಡ್ತೀರಿ ಅಂದ."

"ಅವರೇನಂದ್ರು?"

"ಅತ್ತರಂತೆ. ದಾರಿ ತೋರಿಸಿ ಅಂದರು. ಆಯಸ್ಸು ಚಿಕ್ಕದು, ಭೂಮಿ ಕೊಡ್ತೀನಿ, ಮನೆ ಕೊಡ್ತೀನಿ, ಹಾಡು ಕೇಳಿಕೊಂಡು ಸುಖವಾಗಿರಿ, ಸೈನ್ಯ ನನಗೆ ಬಿಟ್ಟುಬಿಡಿ ಅಂದ." ಅತ್ತಿಗೆ ಎರಡನೇ ಡೋನಟ್ಟನ್ನು ನನ್ನ ಕಡೆ ಸರಿಸಿದರು. "ಗಿರಿ, ಇವತ್ತು ನೀನಿಲ್ಲದಿದ್ದರೆ ಅವರು ನಗ್ತಿರಲಿಲ್ಲ. ಅದು ನನಗೆ ಗೊತ್ತು."

"ಅಯ್ಯೋ, ಅದೇನು ಮಹಾ ಅತ್ತಿಗೆ."

"ತುಂಬ ಚೆನ್ನಾಗಿ ಕುಣಿದೆ. ಆ ಕುದುರೆ ಕೂಡ ಚೆನ್ನಾಗಿತ್ತು. ಜನವರಿಯಿಂದ ನಿನಗೆ ಪ್ರತಿ ಶನಿವಾರ ಅಷ್ಟು ದೂರ ಯಾಕೆ ತೊಂದರೆ? ಮನೆಯಲ್ಲಿ ಬೆಚ್ಚಗೆ ಮಲಗು. ಹಿಮ ಎತ್ತೋ ಕೆಲಸವನ್ನೂ ರಘುಗೆ ಹೇಳ್ತೀನಿ."

ನಾನು ಡೋನಟ್ ನೋಡಿದೆ, ಅತ್ತಿಗೆಯನ್ನು ನೋಡಿದೆ. ಅವರು ಬಹಳ ಪ್ರೀತಿಯಿಂದ, ಸ್ವಲ್ಪವೂ ಅಲುಗದೆ ನನ್ನನ್ನು ನೋಡುತ್ತಿದ್ದರು.

"ಆ ಸೇನಾಧಿಪತಿಗಳು ಆಮೇಲೆ ಏನು ಮಾಡಿದರು?"

"ಮಾರನೇ ದಿನ ಬೆಳಗ್ಗೆ ಎಲ್ಲರೂ ಮೈಗೆ ಹುಷಾರಿಲ್ಲ ಅಂತ ರಾಜೀನಾಮೆ ಕೊಟ್ಟರು."

ಕ್ಲಾರ್ಕ್‌ಸನ್ ರೈಲು ಬಂದಿತೆಂದು ಮೇಲಿನಿಂದ ಸಾರಿದರು. ಅತ್ತಿಗೆ ಡಬ್ಬದ ಚೀಲಗಳನ್ನು ಈ ಸಲ ತಾವೇ ಎತ್ತಿಕೊಂಡು, ಅತ್ತೆಯನ್ನು ಎಬ್ಬಿಸಿ, ಮುಂದೆ ನಡೆದರು. ನಾನು ಉಳಿದ ಡೋನಟ್ಟನ್ನು ಬಾಯಿಗೆ ಹಾಕಿಕೊಂಡು ಅವರ ಹಿಂದೆ ಮೆಟ್ಟಿಲು ಹತ್ತುತ್ತ, ಎಲ್ಲರಿಗೂ ಕೇಳಿಸುವ ಹಾಗೆ ಎರಡು ಸಲ ಕೆಮ್ಮಿದೆ.